ಅಕ್ಕನ ನೆಲದಲ್ಲಿ ಹೆಣ್ಣುಮಕ್ಕಳ ವಿದ್ಯೆ



ಅಕ್ಕಮಹಾದೇವಿಯನ್ನು ಹೆತ್ತ ಈ ಉಡುತಡಿಯಲ್ಲಿ ನಿಂತು ಹೆಣ್ಣುಮಕ್ಕಳ ವಿದ್ಯೆಯ ವಿಷಯವನ್ನೆತ್ತದಿರುವುದು ಉಚಿತವಲ್ಲ. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕನನ್ನು ಪ್ರಶ್ನಿಸಿದರೆಂದೂ, ಆಕೆಯ ಉತ್ತರಕ್ಕೆ ಶರಣರೆಲ್ಲರೂ ತಲೆದೂಗಿದರೆಂದೂ ಶೂನ್ಯಸಂಪಾದನೆಯಿಂದ ತಿಳಿಯುತ್ತದೆ.

ಆ ಶರಣರ ವಾಣಿಯು ನಮಗೆ ತಾನಾಗಿ ಒದಗಲಿಲ್ಲ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಶೋಧಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿ ಜನರಿಗೆ ಮುಟ್ಟಿಸಿದರು. ಶೋಧನೆಯೂ ಪ್ರಸಾರವೂ ಕೂಡಿದುದರಿಂದಲೇ ಫಲವುಂಟಾಯಿತು.

ಹೆಣ್ಣುಮಕ್ಕಳ ವಿದ್ಯೆಗೂ ಇದೇ ಮಾರ್ಗವು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಗಂಡಸರೊಳಗೆ ನೂರಕ್ಕೆ 82 ಮಂದಿಯೂ ಹೆಂಗಸರೊಳಗೆ 68 ಮಂದಿಯೂ ಅಕ್ಷರಸ್ಥರು. ಅಂಕೆಯು ಅಂತರವನ್ನು ಹೇಳುವುದೇ ಹೊರತು ಕಾರಣವನ್ನು ಹೇಳದು. ಹುಡುಗಿಯು ಶಾಲೆ ಬಿಟ್ಟುದು ದೂರದ ದಾರಿಯಿಂದಲೋ, ಮನೆಗೆಲಸದಿಂದಲೋ, ಎಳೆಯ ವಯಸ್ಸಿನ ಮದುವೆಯಿಂದಲೋ ಎಂಬುದನ್ನು ಮನೆಮನೆಗೆ ಹೋಗಿ ಕೇಳಿಯೇ ಅರಿಯಬೇಕು. 1989ರಲ್ಲಿ ಆರಂಭವಾದ ಮಹಿಳಾ ಸಮಾಖ್ಯೆಯು ಹಳ್ಳಿಯ ಹೆಂಗಸರ ಸಂಘಗಳನ್ನು ಕಟ್ಟಿ, ಅವರ ಬಾಯಿಂದಲೇ ಅವರ ಕಷ್ಟವನ್ನು ಹೇಳಿಸಿತು.

ಆದುದರಿಂದ ವಿದ್ವಾಂಸರು ವಿಚಾರಿಸಲಿ, ಉಪಾಧ್ಯಾಯರು ಲೆಕ್ಕವಿಡಲಿ, ಮಠವು ತಂದೆತಾಯಿಗಳಿಗೂ ಸರ್ಕಾರಕ್ಕೂ ತಿಳಿಯಹೇಳಲಿ. ಇಷ್ಟಲಿಂಗವನ್ನು ಕೊಡುವಾಗ ಗಂಡುಹೆಣ್ಣೆಂಬ ಭೇದವನ್ನೆಣಿಸದ ನಾವು ಪುಸ್ತಕವನ್ನು ಕೊಡುವಾಗ ಎಣಿಸಬಹುದೇ?