ಮಸಿಯಲ್ಲಿ ಉಳಿದ ಮನೆ

ಚಿತ್ರವೊಂದನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು ಸಾಹಸದ ಕೆಲಸವೇ ಸರಿ. ಕಣ್ಣಿನ ಪಾಲನ್ನು ಕಿವಿಗೆ ಬಡಿಸಬೇಕಾಗುತ್ತದೆ. ಆದರೆ ನಾನಿಂದು ಹೇಳಹೊರಟಿರುವ ಚಿತ್ರದಲ್ಲಿ ಬಣ್ಣಗಳಿಲ್ಲ, ಮನುಷ್ಯರಿಲ್ಲ, ಮರಗಿಡಗಳಿಲ್ಲ. ಹಾಳೆಯ ಮೇಲೆ ಕೆಲವು ಕಪ್ಪು ಗೆರೆಗಳು. ಜೊತೆಗೆ ಉರ್ದುವಿನ ಒಂದೇ ಪದ: 'ಘರ್'. ಮನೆ ಎಂದು ಅದರ ಅರ್ಥ.

ರಚಿಸಿದವರು ಝರೀನಾ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿ, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 'ಹೋಮ್ ಈಸ್ ಎ ಫಾರಿನ್ ಪ್ಲೇಸ್' ಎಂಬುದು 1999ರಲ್ಲಿ ಅವರು ಹೊರತಂದ 36 ಮರದಚ್ಚಿನ ಚಿತ್ರಗಳ ಸಂಪುಟ. ಮೊದಲು ಪದಗಳನ್ನು ಪಟ್ಟಿಮಾಡಿಕೊಂಡರು: ಮನೆ, ಹೊಸ್ತಿಲು, ಬಾಗಿಲು, ಅಂಗಳ, ಆಕಾಶ, ದೂರ, ಗಡಿ, ಭಾಷೆ. ಆಮೇಲೆ ಒಂದೊಂದು ಪದಕ್ಕೂ ತಕ್ಕ ಆಕಾರವನ್ನು ಹುಡುಕಿದರು. ಇಡೀ ಸಂಪುಟದ ಪ್ರತಿಗಳು 25 ಮಾತ್ರ.

ಪುಸ್ತಕವೊಂದರಲ್ಲಿ ಇದರ ಪಡಿಯಚ್ಚನ್ನು ಮೊದಲು ಕಂಡಾಗ, ಇದೇನು, ಮನೆ ಕಟ್ಟುವವರ ನಕ್ಷೆಯಲ್ಲವೇ ಎಂದು ಹಾಳೆಯನ್ನು ಮಗುಚಿಬಿಟ್ಟೆ. ನನ್ನ ಊಹೆ ತಪ್ಪಾಗಿರಲಿಲ್ಲ. ನನ್ನ ಅವಸರ ತಪ್ಪಾಗಿತ್ತು. ಅದು ನಕ್ಷೆಯೇ ಹೌದು, ಅವರು ಬೆಳೆದ ಅಲಿಗಢದ ಮನೆಯ ನಕ್ಷೆ. ಝರೀನಾ ಓದಿದ್ದು ಗಣಿತ. 1958ರಲ್ಲಿ ಮದುವೆಯಾಗಿ ಪತಿಯೊಡನೆ ಬ್ಯಾಂಕಾಕಿಗೆ ಹೋದರು. ಮರದಚ್ಚಿನ ವಿದ್ಯೆ ಕೈಗೆ ಬಂದದ್ದು ಅಲ್ಲಿಯೇ. ಮರುವರ್ಷ ತಂದೆತಾಯಿಗಳು ಕರಾಚಿಗೆ ವಲಸೆ ಹೋದರು. ಮಗಳು ಮರಳಿ ಬರಬೇಕಾಗಿದ್ದ ಮನೆ ನೆನಪಿನಲ್ಲಷ್ಟೇ ಉಳಿಯಿತು.

ಮರದಚ್ಚಿನ ಕ್ರಮವನ್ನು ಗಮನಿಸಿ. ಹಲಗೆಯಲ್ಲಿ ಉಳಿಯಿಂದ ಕೆತ್ತಿ ತೆಗೆದ ಭಾಗಕ್ಕೆ ಮಸಿ ಹತ್ತುವುದಿಲ್ಲ. ಕೆತ್ತದೆ ಬಿಟ್ಟ ಭಾಗ ಮಾತ್ರ ಹಾಳೆಯ ಮೇಲೆ ಕಪ್ಪಾಗಿ ಮೂಡುತ್ತದೆ. ಎಲ್ಲವೂ ಹೋದ ಮೇಲೆ ಉಳಿದದ್ದೇ ಚಿತ್ರ. ಮನೆ ಕಳೆದುಕೊಂಡವಳಿಗೆ ಇದಕ್ಕಿಂತ ಒಪ್ಪುವ ಮಾಧ್ಯಮ ಬೇರೊಂದಿರಲಾರದು.

ಗೆರೆ ನಿರಪಾಯದ ವಸ್ತುವೇನೂ ಅಲ್ಲ. 1947ರಲ್ಲಿ ಭೂಪಟದ ಮೇಲೆ ಎಳೆದ ಗೆರೆಯೊಂದು ಲಕ್ಷಾಂತರ ಜನರನ್ನು ಬೀದಿಗೆ ತಂದಿತು. ಆಗ ಝರೀನಾ ಹತ್ತು ವರ್ಷದ ಹುಡುಗಿ. 2001ರಲ್ಲಿ ಅದೇ ಗಡಿರೇಖೆಯನ್ನು ಅವರು 'ಡಿವೈಡಿಂಗ್ ಲೈನ್' ಎಂಬ ಮರದಚ್ಚಾಗಿ ಮಾಡಿದರು. ಒಂದು ಗೆರೆ ಮನೆಯನ್ನು ಒಡೆಯಿತು; ಇನ್ನು ಕೆಲವು ಗೆರೆಗಳಿಂದ ಅವರು ಅದನ್ನು ಮತ್ತೆ ಕಟ್ಟಿದರು.

ಇನ್ನು ಪ್ರತಿಗಳ ಮಾತು. ಇಂಥ ಅಚ್ಚುಗಳ ಕೆಳಗೆ ಕಲಾವಿದರು ಪೆನ್ಸಿಲಿನಲ್ಲಿ 7/25 ಎಂಬಂತೆ ಬರೆದಿಡುವುದು ವಾಡಿಕೆ. ಇಪ್ಪತ್ತೈದರಲ್ಲಿ ಏಳನೆಯದು ಎಂದು ಅದರ ಅರ್ಥ. ವಿರಳವಾದದ್ದಕ್ಕೆ ಬೆಲೆ ಹೆಚ್ಚು ಎಂಬ ಮಾರುಕಟ್ಟೆಯ ಲೆಕ್ಕವೂ ಇದರಲ್ಲಿ ಇಲ್ಲವೆನ್ನಲಾರೆ. ಆದರೆ ನನಗೆ ಅದರಲ್ಲಿ ಬೇರೊಂದು ನ್ಯಾಯ ಕಾಣುತ್ತದೆ. ಕಳೆದುಹೋದ ಮನೆ ಒಂದೇ. ಮಸಿಯಲ್ಲಿ ಎದ್ದ ಮನೆಗಳು ಇಪ್ಪತ್ತೈದು. ಅವುಗಳಲ್ಲಿ ಯಾವುದು ಮೂಲ, ಯಾವುದು ನಕಲು ಎಂದು ಕೇಳುವಂತಿಲ್ಲ, ಇಪ್ಪತ್ತೈದೂ ಮೂಲವೇ.

ನಮ್ಮ ಹಳೆಯ ಮನೆ ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಮಾರಿಹೋಗಿ ಬಹಳ ವರ್ಷಗಳಾದುವು. ಮೊನ್ನೆ ಒಂದು ರಾತ್ರಿ ಕಾಗದ ತೆಗೆದುಕೊಂಡು ಅದರ ಗೋಡೆಗಳನ್ನು ಗೆರೆಗಳಾಗಿ ಎಳೆಯುತ್ತ ಕುಳಿತೆ. ಪಡಸಾಲೆ ಬಂತು, ನಡುಮನೆ ಬಂತು. ಅಡಿಗೆಮನೆಯಿಂದ ಹಿತ್ತಿಲಿಗೆ ಹೋಗುವ ಬಾಗಿಲು ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ. ಆ ಬಾಗಿಲಲ್ಲಿ ನಮ್ಮಮ್ಮ ದಿನಕ್ಕೆ ನೂರು ಸಲ ಓಡಾಡುತ್ತಿದ್ದಳು. ಕೇಳೋಣವೆಂದರೆ ಈಗ ಅವಳಿಲ್ಲ.

ಝರೀನಾ ಅವರ ಗೆರೆಗಳು ಎಷ್ಟು ಕಡಿಮೆಯೆಂದು ಅಂದು ಹಾಳೆ ಮಗುಚಿದವನು ನಾನು. ಅಷ್ಟನ್ನು ಉಳಿಸಿಕೊಳ್ಳುವುದೂ ಎಷ್ಟು ಕಷ್ಟವೆಂದು ಆ ರಾತ್ರಿ ತಿಳಿಯಿತು.