ನಮ್ಮ ಮಾತು, ನಮ್ಮ ಕೈಯಲ್ಲಿ
(ಸ್ವಸಹಾಯ ಸಂಘಗಳ ತರಬೇತಿಯಲ್ಲಿ ಮಾಡಿದ ಭಾಷಣ)



"ರೆಕಾರ್ಡಿಂಗ್, ವಿಡಿಯೋ ಎಲ್ಲ ಓದಿದವರ ಕೆಲಸ, ನಮಗ್ಯಾಕೆ ಸಿಸ್ಟರ್?" ಅಂತ ನೀವು ಕೇಳಬಹುದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲೇ ಹಳ್ಳಿಯವರು ತಯಾರಿಸಿದ 'ನಮ್ಮ ಧ್ವನಿ' ಕಾರ್ಯಕ್ರಮ ಕೇಬಲ್ ಮೂಲಕ ಮನೆಗಳಿಗೆ ತಲುಪಿತು. ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಆಮೇಲೆ 2008ರಲ್ಲಿ ಇಂದಿನ ತೆಲಂಗಾಣದ ಜಹೀರಾಬಾದ್ ಬಳಿ ಶುರುವಾದ 'ಸಂಘಂ ರೇಡಿಯೋ' ನಡೆಸಿದವರು ಹಳ್ಳಿಯ ದಲಿತ ಮಹಿಳೆಯರೇ.

ಇಂದು ಸ್ಟುಡಿಯೋ ಬೇಡ, ಮೊಬೈಲ್ ಸಾಕು. ಫ್ಯಾನು, ಟಿವಿ ಆರಿಸಿ. ಫೋನು ಬಾಯಿಂದ ಒಂದು ಗೇಣು ದೂರವಿರಲಿ. ಅರ್ಧ ನಿಮಿಷ ಮಾತಾಡಿ, ಕೇಳಿ ನೋಡಿ. ವಿಡಿಯೋ ಆದರೆ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಒಂದೇ ವಿಷಯ, ಮೂರೇ ನಿಮಿಷ.

ಕಷ್ಟ ಇರುವುದು ಗುಂಡಿ ಒತ್ತುವುದರಲ್ಲಲ್ಲ, ಹಂಚುವುದರಲ್ಲಿ. ಒಬ್ಬಳು ತನ್ನ ಸಾಲ, ಗಂಡನ ಹೊಡೆತ ಹೇಳಿಕೊಂಡು ಅತ್ತಳು ಅನ್ನಿ. ಅದು ವಾಟ್ಸಾಪಿಗೆ ಹೋದರೆ ಸಂಜೆಯೊಳಗೆ ಅವಳ ಮನೆಗೇ ಬರಬಹುದು. ಪೆಟ್ಟು ತಿನ್ನೋಳು ಅವಳೇ. ನಾವು ಅಳಿಸಿದರೂ, ಬೇರೆಯವರು ಉಳಿಸಿಕೊಂಡದ್ದು ಅಳಿಯುವುದಿಲ್ಲ. ಆದ್ದರಿಂದ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಮುಗಿದ ಮೇಲೆ ಅವಳಿಗೇ ಮೊದಲು ತೋರಿಸಿ. ಯಾರ್ಯಾರು ನೋಡಬಹುದು ಅಂತ ತಿಳಿಸಿ, ಇನ್ನೊಮ್ಮೆ ಕೇಳಿ. ಬೇಡ ಅಂದರೆ ಅವಳ ಎದುರಿಗೇ ಅಳಿಸಿಬಿಡಿ.

ಮುಂದಿನ ಸಭೆಗೆ ಪ್ರತಿ ಸಂಘವೂ ಒಂದು ರೆಕಾರ್ಡಿಂಗ್ ತನ್ನಿ. ಹಪ್ಪಳದ ವ್ಯಾಪಾರವೋ, ನಲ್ಲಿ ನೀರಿನ ತೊಂದರೆಯೋ, ಯಾವುದಾದರೂ ಸರಿ. ಮೊದಲು ನಾವು ಕೇಳೋಣ, ಊರಿಗೆ ಆಮೇಲೆ ಕೇಳಿಸೋಣ.