ಕವಿಗೆ ಬೇಕಾದ ಕಿವಿ



ಕಾಲೇಜಿನಲ್ಲಿ ಸಾಹಿತ್ಯವನ್ನು ಬೋಧಿಸುವವನಿಗೆ ಒಂದು ವಿಚಿತ್ರವಾದ ಸಂಕಟವುಂಟು. ಮಹಾಕವಿಗಳ ಗುಣದೋಷಗಳನ್ನು ದಿನವೂ ತೂಗಿ ತೂಗಿ ಅವನ ತಕ್ಕಡಿ ಬಹು ಸೂಕ್ಷ್ಮವಾಗಿರುತ್ತದೆ. ಆದರೆ ತಾನೇ ನಾಲ್ಕು ಸಾಲು ಬರೆದು ಅದರಲ್ಲಿಟ್ಟರೆ ತಟ್ಟೆ ಅಲುಗುವುದೇ ಇಲ್ಲ! ನಾನು ಒಂದು ಇಂಗ್ಲಿಷ್ ನಾಟಕವನ್ನು ಕನ್ನಡಕ್ಕೆ ತರಬೇಕೆಂದು ತೊಡಗಿ, ಎರಡು ಅಂಕಗಳನ್ನು ಮುಗಿಸಿ, ಯಾರಿಗೂ ತೋರಿಸದೆ ಒಂಬತ್ತು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದೆನು. ಕೇಳಿದವರಿಗೆ, "ಇನ್ನೂ ತಿದ್ದುವುದಿದೆ" ಎನ್ನುತ್ತಿದ್ದೆ. ನಿಜವಾಗಿ ತಿದ್ದುತ್ತಿರಲಿಲ್ಲ, ಅಂಜುತ್ತಿದ್ದೆ.

ಈ ಅಂಜಿಕೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವನು ನಮ್ಮ ಸೀಮೆಯ ಕವಿಯಾದ ಮುದ್ದಣ. ಉಡುಪಿಯಿಂದ ಕಾಪುವಿನ ಕಡಲ ದಾರಿ ಹಿಡಿದು ಪಡುಬಿದ್ರಿಗೆ ಹೋಗಿ, ಅಲ್ಲಿಂದ ಕಾರ್ಕಳದ ಕಡೆಗೆ ತಿರುಗಿದರೆ, ಬೆಳ್ಮಣ್ಣಿನ ಸಮೀಪದಲ್ಲಿ ನಂದಳಿಕೆ ಎಂಬ ಗ್ರಾಮವಿದೆ. 1870ರಲ್ಲಿ ಅಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನೇ ಮುದ್ದಣ. ಬಡತನದಿಂದ ಅವನ ಇಂಗ್ಲಿಷ್ ವಿದ್ಯೆ ಅರ್ಧಕ್ಕೆ ನಿಂತಿತು. ಶಾಲೆಯಲ್ಲಿ ಮೊದಲು ವ್ಯಾಯಾಮವನ್ನೂ, ಮುಂದೆ ಕನ್ನಡವನ್ನೂ ಕಲಿಸಿ ಜೀವನ ಸಾಗಿಸಿದನು. 'ಅದ್ಭುತ ರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ' ಎಂಬ ಮೂರು ಗ್ರಂಥಗಳನ್ನು ಬರೆದು ಮೈಸೂರಿಗೆ ಕಳುಹಿಸಿದನು. ಆದರೆ ತನ್ನವೆಂದು ಹೇಳಲಿಲ್ಲ. ಯಾವನೋ ಪ್ರಾಚೀನ ಕವಿಯ ಕೃತಿಗಳೆಂದನು! ಅಲ್ಲಿಯ ವಿದ್ವಾಂಸರು ಅವುಗಳನ್ನು ಹಳೆಯ ಕಾವ್ಯಗಳ ಸಾಲಿನಲ್ಲಿಯೇ ಅಚ್ಚುಹಾಕಿಸಿದರು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗ ಅವನನ್ನು ಒಯ್ದಿತು. ಮುದ್ದಣನಾರೆಂಬುದು ಲೋಕಕ್ಕೆ ತಿಳಿದುದು ಬಹುಕಾಲದ ಮೇಲೆ.

ಶಾಲೆಯ ಒಬ್ಬ ಬಡ ಉಪಾಧ್ಯಾಯ ಹಳಗನ್ನಡದಲ್ಲಿ ಬರೆದರೆ ಪಂಡಿತರು ನಕ್ಕಾರು ಎಂಬ ಶಂಕೆಯೇ ಇದಕ್ಕೆ ಕಾರಣವೆಂದು ಬಲ್ಲವರು ಊಹಿಸುತ್ತಾರೆ. ನನಗೂ ಅದು ಒಪ್ಪಿಗೆ, ಸ್ವಾನುಭವದಿಂದ ಒಪ್ಪುತ್ತೇನೆ.

ಇಂತಹವನೊಬ್ಬ ಇಂಗ್ಲೆಂಡಿನಲ್ಲಿಯೂ ಇದ್ದನು. ಬ್ರಿಸ್ಟಲ್ ನಗರದ ಥಾಮಸ್ ಚಾಟರ್ಟನ್ ಎಂಬ ಬಾಲಕವಿ ತನ್ನ ಪದ್ಯಗಳನ್ನು ಹದಿನೈದನೆಯ ಶತಮಾನದ ರೌಲಿ ಎಂಬ ಸಂನ್ಯಾಸಿಯವೆಂದು ಹೇಳಿಕೊಂಡನು. ಹೊರೇಸ್ ವಾಲ್‌ಪೋಲ್ ಎಂಬ ದೊಡ್ಡ ಮನುಷ್ಯ ಮೊದಲು ಆದರಿಸಿ, ಸಂಶಯ ಹುಟ್ಟಿದ ಮೇಲೆ ಕೈಬಿಟ್ಟನು. 1770ರಲ್ಲಿ, ಹದಿನೆಂಟು ತುಂಬುವ ಮೊದಲೇ, ಲಂಡನ್ನಿನ ಒಂದು ಅಟ್ಟದ ಕೋಣೆಯಲ್ಲಿ ಆ ಹುಡುಗನು ವಿಷದಿಂದ ಸತ್ತನು. ಅವನ ಬರಹವನ್ನು ಕೇಳಿ, "ಇಲ್ಲಿ ಸರಿ, ಅಲ್ಲಿ ತಪ್ಪು" ಎಂದು ಹೇಳುವ ಒಬ್ಬ ಹಿರಿಯನು ಆಗ ಅವನ ಬಳಿಯಲ್ಲಿರಲಿಲ್ಲ.

ಮುದ್ದಣನ ಪುಣ್ಯ ಬೇರೆ. ಅವನಿಗೆ ಉಡುಪಿಯಲ್ಲಿ ವಿದ್ವಾಂಸರಾದ ಮಳಲಿ ಸುಬ್ಬರಾಯರ ಸ್ನೇಹ ದೊರೆಯಿತು. ಅದಕ್ಕಿಂತ ಮಿಗಿಲಾಗಿ, ಅವನು ಕೇಳುವವರೊಬ್ಬರನ್ನು ತನ್ನ ಗ್ರಂಥದೊಳಕ್ಕೇ ಕರೆತಂದನು. 'ಶ್ರೀರಾಮಾಶ್ವಮೇಧ'ದಲ್ಲಿ ಮುದ್ದಣ ಕಥೆ ಹೇಳುತ್ತಾನೆ, ಮಡದಿ ಮನೋರಮೆ ಕೇಳುತ್ತಾಳೆ. ಅವಳು ತಲೆದೂಗುವ ಗೊಂಬೆಯಲ್ಲ. ಪದ್ಯ ಬೇಡವೆನ್ನುತ್ತಾಳೆ, ಸಂಸ್ಕೃತ ಹೆಚ್ಚಾಯಿತೆಂದು ಹಾಸ್ಯಮಾಡುತ್ತಾಳೆ, ನಡುವೆ ಬಾಯಿಹಾಕುತ್ತಾಳೆ. ಆತನೂ ಅವಳ ಮಾತಿಗೆ ಬಾಗುತ್ತಾನೆ. ಕಥೆ ಗದ್ಯದಲ್ಲಿ ಹರಿಯುವುದು ಅವಳ ಅಪೇಕ್ಷೆಯಂತೆಯೇ. ಹೊರಗೆ ತನ್ನ ನಿಜವಾದ ಹೆಸರನ್ನು ಹೇಳಲು ಅಂಜಿದ ಕವಿ, ಒಳಗೆ ತನ್ನನ್ನು ಆಕ್ಷೇಪಿಸುವವಳಿಗೆ ಮಣೆ ಹಾಕಿ ಕೂಡಿಸಿದ್ದಾನೆ! ಈಗಿನ ಓದುಗರಿಗಂತೂ ಯಜ್ಞದ ಕುದುರೆಗಿಂತ ಈ ದಂಪತಿಗಳ ಸಲ್ಲಾಪವೇ ಹೆಚ್ಚು ಪ್ರಿಯ.

ಮುದ್ದಣನಿಗೆ ಇದು ಸಹಜವಾಗಿಯೇ ಬಂದಿರಬೇಕು. ಅವನು ಯಕ್ಷಗಾನ ಪ್ರಸಂಗಗಳನ್ನೂ ಬರೆದವನು. ಯಕ್ಷಗಾನದಲ್ಲಿ ಕವಿ ಬರೆಯುವುದು ಪದಗಳನ್ನು ಮಾತ್ರ. ಅವನ್ನು ಭಾಗವತ ಹಾಡಬೇಕು, ಚೆಂಡೆ ಮದ್ದಲೆಗಳು ಹೊತ್ತು ನಡೆಸಬೇಕು, ವೇಷಧಾರಿ ಕುಣಿದು ಆ ಕ್ಷಣಕ್ಕೆ ತೋರಿದ ಅರ್ಥವನ್ನು ಹೇಳಬೇಕು. ಇರುಳು ಬೆಳಗಾಗುವಾಗ ಪೂರ್ಣವಾಗುವ ಆಟದಲ್ಲಿ ಕವಿಯದು ಒಂದು ಪಾಲು.

ಕಾವ್ಯವನ್ನು ಸಭೆ ಸೇರಿಸಿ ಬರೆಯಲಾದೀತೇ ಎಂದು ನೀವು ಕೇಳಬಹುದು. ಆಗದು. ಲೇಖನಿ ಹಿಡಿಯುವ ಕೈ ಒಂದೇ. ಆದರೆ ಬರೆದವನ ಕಣ್ಣಿಗೆ ತನ್ನ ಬೆನ್ನು ಕಾಣುವುದಿಲ್ಲವಷ್ಟೆ.

ಮಣಿಪಾಲದಲ್ಲಿ ನನ್ನ ನೆರೆಮನೆಯವರು ಒಬ್ಬ ನಿವೃತ್ತ ಉಪಾಧ್ಯಾಯರು. ತಾಳಮದ್ದಲೆಯಲ್ಲಿ ಅರ್ಥ ಹೇಳಿದವರು. ಕಳೆದ ಮಳೆಗಾಲದ ಒಂದು ಸಂಜೆ ಧೈರ್ಯಮಾಡಿ ಅವರಿಗೆ ನನ್ನ ಮೊದಲ ಅಂಕವನ್ನು ಓದಿ ಹೇಳಿದೆ. ಕೊನೆಯವರೆಗೆ ಕೇಳಿ ಅವರೆಂದರು: "ಮಾಷ್ಟ್ರೇ, ಓದಲಿಕ್ಕೆ ಚೆಂದ ಉಂಟು. ಆದರೆ ಸಿಟ್ಟು ಬಂದವನು ಇಷ್ಟುದ್ದ ಮಾತಾಡುವುದುಂಟೋ?"

ಎರಡು ದಿನ ನನಗೆ ಅವರ ಮೇಲೆ ಮುನಿಸು. ಮೂರನೆಯ ದಿನ ತೆಗೆದು ನೋಡಿದೆ. ನಾನು ಇಂಗ್ಲಿಷ್ ವಾಕ್ಯಗಳಿಗೇ ಕನ್ನಡದ ಅಂಗಿ ತೊಡಿಸಿದ್ದೆನು! ಅಂದಿನಿಂದ ಶನಿವಾರ ಸಂಜೆಗಳಲ್ಲಿ ನಾವಿಬ್ಬರೂ ಕೂಡುತ್ತೇವೆ. ನಾನು ಓದುತ್ತೇನೆ, ಅವರು ಆ ಮಾತನ್ನು ಆಡಿ ನೋಡುತ್ತಾರೆ, ನಾಲಗೆ ತಡೆದಲ್ಲಿ ನಾನು ಗೆರೆ ಎಳೆಯುತ್ತೇನೆ. ಈಗ ಮೂರನೆಯ ಅಂಕದಲ್ಲಿದ್ದೇವೆ.

ನನ್ನ ಶಂಕೆ ಹೋಯಿತೇ? ಇಲ್ಲ, ಆದರೆ ಅದರ ಪ್ರಶ್ನೆ ಬದಲಾಯಿತು. ಮೊದಲು ಅದು, "ನೀನು ಯೋಗ್ಯನೇ?" ಎಂದು ಕೇಳುತ್ತಿತ್ತು. ಈಗ, "ಈ ಮಾತು ಸರಿಯೇ?" ಎಂದು ಕೇಳುತ್ತದೆ. ಮೊದಲನೆಯದಕ್ಕೆ ಒಂಬತ್ತು ವರ್ಷವಾದರೂ ಉತ್ತರ ದೊರೆಯಲಿಲ್ಲ. ಎರಡನೆಯದಕ್ಕೆ ಅದೇ ಸಂಜೆ ದೊರೆಯುತ್ತದೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂತಹ ಪೆಟ್ಟಿಗೆಯೊಂದಿದ್ದರೆ ದಯವಿಟ್ಟು ತೆರೆಯಿರಿ. ಬರೆಯುವ ಹವ್ಯಾಸವಿಲ್ಲದವರೂ ಇದು ತಮಗಲ್ಲವೆಂದು ತಿಳಿಯಬಾರದು. ಸ್ನೇಹಿತನೊಬ್ಬನು ಸಂಕೋಚದಿಂದ ಕಾಗದದ ಕಟ್ಟನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಾಗ, ಗಡಿಯಾರ ನೋಡದೆ ಅವನನ್ನು ಕುಳ್ಳಿರಿಸಿ ಕೇಳಿರಿ. ಕೇಳಿ, ತೋರಿದ್ದನ್ನು ಮರೆಮಾಚದೆ ಹೇಳಿರಿ. ಆ ಕೃತಿಯಲ್ಲಿ ನಿಮಗೂ ಪಾಲುಂಟು.